ಗರ್ಭಿಣಿಯರ ಖಾಸಗಿ ಸ್ಕ್ಯಾನ್: ಹಣ ಕಟ್ಟಿಸಿಕೊಳ್ಳುವ ಮೊದಲೇ ಹೇಳಬೇಕಾದ ಮಾತುಗಳು

ಮಾನ್ಯ ಸಂಪಾದಕರೇ,

ಗರ್ಭಿಣಿಯರು ತಮ್ಮ ವೈದ್ಯರು ಬರೆದುಕೊಟ್ಟ ಸ್ಕ್ಯಾನ್‌ಗಳ ಜೊತೆಗೆ, ಕೆಲವೊಮ್ಮೆ ಅವುಗಳಿಗೆ ಬದಲಾಗಿಯೂ, ಹಣ ಕೊಟ್ಟು ಖಾಸಗಿ ಕೇಂದ್ರಗಳಲ್ಲಿ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಸರದಿಗಾಗಿ ವಾರಗಟ್ಟಲೆ ಕಾಯಲಾಗದವರು, ಹಿಂದೆ ಗರ್ಭಪಾತದ ನೋವನ್ನು ಉಂಡು ಈ ಸಲ ಆದಷ್ಟು ಬೇಗ ಮಗುವಿನ ಎದೆಬಡಿತವನ್ನು ಕಾಣಬೇಕೆಂದು ಹಂಬಲಿಸುವವರು, ಒಂದು ವರದಿಯ ಬಗ್ಗೆ ಮತ್ತೊಬ್ಬ ತಜ್ಞರ ಅಭಿಪ್ರಾಯ ಬೇಕೆನ್ನುವವರು, ಇವರೆಲ್ಲರ ಅಗತ್ಯವೂ ನಿಜವಾದದ್ದೇ. ನನ್ನ ಅಳಲು ಬೇರೆಯದು. ಯಾವ ಸ್ಕ್ಯಾನ್ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡಲಾರದು, ನೋಡುವವರು ಯಾರು, ಕಂಡದ್ದನ್ನು ಬಿಡಿಸಿ ಹೇಳುವವರು ಯಾರು, ಅನುಮಾನಕ್ಕೆ ಎಡೆಯಾದರೆ ಮುಂದೆ ಎಲ್ಲಿಗೆ ಹೋಗಬೇಕು ಎಂಬುದನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ತಿಳಿಸುವ ಪದ್ಧತಿಯನ್ನು ನಾನು ಹೋದ ಕಡೆಗಳಲ್ಲಿ ಕಾಣಲಿಲ್ಲ. ಈ ಮಾಹಿತಿಯನ್ನು ಸರಳ ಭಾಷೆಯಲ್ಲಿ, ಬರಹದಲ್ಲಿ, ಮುಂಚಿತವಾಗಿಯೇ ಕೊಡುವುದು ಪ್ರತಿಯೊಂದು ಕೇಂದ್ರದ ಹೊಣೆಯಾಗಬೇಕು ಎಂಬುದು ನನ್ನ ಕೋರಿಕೆ. ಆ ಕೋರಿಕೆ ಏಕೆ ಅಗತ್ಯ ಎಂಬುದನ್ನು ವಿವರಿಸಲು ತಮ್ಮ ಪತ್ರಿಕೆಯಲ್ಲಿ ಸ್ವಲ್ಪ ಹೆಚ್ಚು ಜಾಗ ಬೇಡುತ್ತಿದ್ದೇನೆ.

ಮೊದಲಿಗೆ ಪರೀಕ್ಷೆಯ ಸ್ವರೂಪವನ್ನೇ ನೋಡೋಣ. ಮನುಷ್ಯನ ಕಿವಿಗೆ ಕೇಳಿಸುವ ಶಬ್ದದ ಮೇಲ್ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನಗಳು. ಸ್ಕ್ಯಾನ್ ಯಂತ್ರ ಬಳಸುವುದು ಹತ್ತಾರು ಲಕ್ಷ ಕಂಪನಗಳ ಶಬ್ದವನ್ನು. ಅದು ಒಳಗಿನ ಅಂಗಾಂಶಗಳಿಗೆ ತಾಗಿ ಹಿಂದಿರುಗುವಾಗ ಉಂಟಾಗುವ ಪ್ರತಿಧ್ವನಿಯೇ ಪರದೆಯ ಮೇಲೆ ಚಿತ್ರವಾಗಿ ಮೂಡುತ್ತದೆ. ಎಕ್ಸ್‌ರೇಯಲ್ಲಿರುವಂಥ ವಿಕಿರಣ ಇದರಲ್ಲಿಲ್ಲ. ಗ್ಲಾಸ್ಗೊ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಅವರ ಸಹೋದ್ಯೋಗಿಗಳು 1958ರಲ್ಲಿ ಈ ವಿಧಾನದ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದಾಗಿನಿಂದ ಯಂತ್ರಗಳು ಗುರುತೇ ಸಿಗದಷ್ಟು ಸುಧಾರಿಸಿವೆ; ಆದರೆ ಶಬ್ದದ ಗುಣ ಬದಲಾಗಿಲ್ಲ. ಅದು ಗಾಳಿಯನ್ನು ದಾಟಿ ಹೋಗಲಾರದು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚುವುದು ಚರ್ಮಕ್ಕೂ ಅದರ ಮೇಲೆ ಆಡಿಸುವ ಸ್ಕ್ಯಾನ್ ಸಾಧನವಾದ ಪ್ರೋಬ್‌ಗೂ ನಡುವೆ ಗಾಳಿ ಉಳಿಯದಿರಲೆಂದು. ಎಲುಬಿನ ಹಿಂದಿರುವುದು ನೆರಳಿನಲ್ಲಿ ಮರೆಯಾಗುತ್ತದೆ. ತಾಯಿಯ ಹೊಟ್ಟೆಯ ಕೊಬ್ಬಿನ ಪದರ ದಪ್ಪವಿದ್ದರೆ, ಗರ್ಭಜಲ ಕಡಿಮೆಯಿದ್ದರೆ, ಮಗು ಬೆನ್ನು ತಿರುಗಿಸಿ ಮಲಗಿದ್ದರೆ ಚಿತ್ರ ಮಸುಕಾಗುತ್ತದೆ. ‘ಸ್ವಲ್ಪ ಹೊತ್ತು ಓಡಾಡಿ ಬನ್ನಿ’ ಎಂದೋ ‘ಇನ್ನೊಂದು ದಿನ ಬನ್ನಿ’ ಎಂದೋ ಹೇಳಿದರೆ ಎಷ್ಟೋ ಮಂದಿ ಸಿಡುಕುತ್ತಾರೆ, ಇಲ್ಲವೇ ಹೆದರುತ್ತಾರೆ. ನನ್ನ ದೃಷ್ಟಿಯಲ್ಲಿ ಹಾಗೆ ಹೇಳುವ ಕೇಂದ್ರವೇ ನಂಬಲರ್ಹ. ಕಾಣದ್ದನ್ನು ಕಂಡಂತೆ ಬರೆದು ಕಳಿಸುವುದಕ್ಕಿಂತ ಮತ್ತೊಮ್ಮೆ ಕರೆಯುವುದು ಎಷ್ಟೋ ಮೇಲು.

ಸ್ಕ್ಯಾನ್ ಮಾಡುವವರು ನಡುವೆ ಮಾತು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ಪರದೆಯನ್ನು ತಮ್ಮತ್ತ ತಿರುಗಿಸಿಕೊಂಡರೆ ಮೇಜಿನ ಮೇಲೆ ಮಲಗಿದವಳ ಜೀವ ಬಾಯಿಗೆ ಬರುತ್ತದೆ. ಅಳತೆ ತೆಗೆಯುವಾಗ ಗಮನ ಬೇಕಾಗುತ್ತದೆ, ಅದಕ್ಕಾಗಿ ಮೌನ, ಅಷ್ಟೇ. ಇದನ್ನು ಆರಂಭದಲ್ಲೇ ಒಂದು ಮಾತಿನಲ್ಲಿ ಹೇಳಿಬಿಟ್ಟರೆ ಆ ಕೆಲವು ನಿಮಿಷಗಳ ಯಾತನೆ ತಪ್ಪುತ್ತದೆ.

ಖಾಸಗಿಯಾಗಿ ಅತಿ ಹೆಚ್ಚು ಆತುರದಿಂದ ಮಾಡಿಸಿಕೊಳ್ಳುವುದು ಮೊದಲ ವಾರಗಳ ಸ್ಕ್ಯಾನನ್ನು. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಗರ್ಭಚೀಲ ಸುಮಾರು ಐದನೇ ವಾರಕ್ಕೆ, ಹೃದಯಬಡಿತ ಸುಮಾರು ಆರನೇ ವಾರಕ್ಕೆ ಕಾಣತೊಡಗುತ್ತದೆ. ಹೊಟ್ಟೆಯ ಮೇಲಿಂದ ನೋಡಿದರೆ ಇನ್ನೂ ಸ್ವಲ್ಪ ತಡವಾಗಿ. ಈ ವಾರಗಳನ್ನು ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ಏರುಪೇರಾಗುವವರಲ್ಲಿ ಆ ಲೆಕ್ಕ ಒಂದೆರಡು ವಾರ ಹಿಂದುಮುಂದಾಗಿರುವುದು ಸಹಜ. ಆದ್ದರಿಂದ ತೀರಾ ಬೇಗ ಹೋದವಳಿಗೆ ಸಿಗುವ ಉತ್ತರ ‘ಇದೆ’ ಎಂದೂ ಇರದೆ ‘ಇಲ್ಲ’ ಎಂದೂ ಇರದೆ ‘ಒಂದು ವಾರ ಬಿಟ್ಟು ಬನ್ನಿ’ ಎಂದಿರುವ ಸಾಧ್ಯತೆ ಬಹಳ. ನೆಮ್ಮದಿ ಅರಸಿ ಹೋದವಳು ಒಂದು ವಾರದ ಆತಂಕವನ್ನು ಹೊತ್ತು ಮನೆಗೆ ಬರುತ್ತಾಳೆ. ಈ ಸಾಧ್ಯತೆಯನ್ನು ಅಪಾಯಿಂಟ್‌ಮೆಂಟ್ ಕೊಡುವ ಹೊತ್ತಿನಲ್ಲೇ ಹೇಳಬೇಕಲ್ಲವೇ? ಭ್ರೂಣದ ಉದ್ದ 7 ಮಿಲಿಮೀಟರ್ ತಲುಪಿಯೂ ಹೃದಯಬಡಿತ ಕಾಣದಿದ್ದರೆ, ಅಥವಾ ಗರ್ಭಚೀಲದ ಸರಾಸರಿ ವ್ಯಾಸ 25 ಮಿಲಿಮೀಟರ್ ಆಗಿಯೂ ಒಳಗೆ ಭ್ರೂಣ ಕಾಣದಿದ್ದರೆ ಮಾತ್ರ ಗರ್ಭದ ಬೆಳವಣಿಗೆ ನಿಂತುಹೋಗಿದೆ ಎಂಬ ತೀರ್ಮಾನದ ಕಡೆಗೆ ಹೋಗಬೇಕು. ಅದಕ್ಕಿಂತ ಚಿಕ್ಕದಿದ್ದರೆ ಕನಿಷ್ಠ ಏಳು ದಿನ ಕಾದು ಮತ್ತೆ ನೋಡಬೇಕು ಎಂಬುದು ಈಗಿನ ಮಾರ್ಗಸೂಚಿಗಳ ಸಾರ. ಆ ಅಳತೆ ದಾಟಿದ್ದರೂ ಎರಡನೆಯ ತಜ್ಞರಿಂದ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಒಂದೇ ಒಂದು ಅವಸರದ ಸ್ಕ್ಯಾನ್ ನೋಡಿ ‘ಬೆಳವಣಿಗೆ ಇಲ್ಲ, ತೆಗೆಸಿಬಿಡಿ’ ಎಂದು ಹೇಳಿಸಿಕೊಂಡ ಹೆಣ್ಣುಮಗಳಿಗೆ ‘ಇನ್ನೊಮ್ಮೆ ನೋಡಿ’ ಎಂದು ಕೇಳುವ ಹಕ್ಕಿದೆ ಎಂಬುದು ಗೊತ್ತಿರಬೇಕು.

ಇದರೊಂದಿಗೆ ಇನ್ನೂ ಒಂದು ಎಚ್ಚರಿಕೆ ಸೇರಬೇಕು. ಗರ್ಭವು ಗರ್ಭಕೋಶದ ಬದಲು ಅಂಡನಾಳದ ಕೊಳವೆಯಲ್ಲಿ ಬೆಳೆಯುತ್ತಿದೆಯೇ ಎಂಬ ಅನುಮಾನವಿದ್ದಾಗ, ಅಂದರೆ ಒಂದು ಪಕ್ಕದ ಹೊಟ್ಟೆನೋವು, ರಕ್ತಸ್ರಾವ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಇದ್ದಾಗ, ಬಿಡಿಯಾದ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗುವುದು ಸಮಯ ಕಳೆದುಕೊಂಡಂತೆ. ಅಲ್ಲಿ ರಕ್ತಪರೀಕ್ಷೆಯೂ ಇರದು, ಶಸ್ತ್ರಚಿಕಿತ್ಸೆಯೂ ಇರದು. ನೇರವಾಗಿ ಆಸ್ಪತ್ರೆಗೇ ಹೋಗಬೇಕು.

ಹನ್ನೊಂದನೇ ವಾರದಿಂದ ಹದಿಮೂರು ವಾರ ಆರು ದಿನಗಳವರೆಗಿನ ಸ್ಕ್ಯಾನ್ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ದಿನ ಗೊತ್ತುಮಾಡುವುದು. ತಲೆಯ ತುದಿಯಿಂದ ಪೃಷ್ಠದವರೆಗಿನ ಉದ್ದವನ್ನು ಅಳೆದು ಗರ್ಭದ ವಯಸ್ಸನ್ನು ಐದರಿಂದ ಏಳು ದಿನಗಳ ವ್ಯತ್ಯಾಸದೊಳಗೆ ಹೇಳಬಹುದು. ತಿಂಗಳು ತುಂಬುತ್ತ ಬಂದಂತೆ ಈ ನಿಖರತೆ ಕುಸಿಯುತ್ತದೆ; ಕೊನೆಯ ಮೂರು ತಿಂಗಳ ಸ್ಕ್ಯಾನ್‌ನಲ್ಲಿ ವಯಸ್ಸಿನ ಅಂದಾಜು ಮೂರು ವಾರದಷ್ಟು ತಪ್ಪಬಹುದು. ಒಂದೊಂದು ವರದಿಯಲ್ಲಿ ಒಂದೊಂದು ಹೆರಿಗೆ ದಿನಾಂಕ ಮುದ್ರಿತವಾಗಿರುವುದನ್ನು ಕಂಡು ಮನೆಮಂದಿ ಗಲಿಬಿಲಿಗೊಳ್ಳುವುದು ಈ ಕಾರಣಕ್ಕೆ. ಯಂತ್ರ ಆ ದಿನದ ಅಳತೆಯಿಂದ ಹೊಸದೊಂದು ದಿನಾಂಕವನ್ನು ತಾನಾಗಿ ಲೆಕ್ಕ ಹಾಕಿ ಬರೆಯುತ್ತದೆ. ಮೊದಲ ತ್ರೈಮಾಸಿಕದಲ್ಲಿ ಸರಿಯಾಗಿ ಗೊತ್ತುಮಾಡಿದ ದಿನಾಂಕವನ್ನು ಅನಂತರದ ಸ್ಕ್ಯಾನ್‌ಗಳ ಆಧಾರದ ಮೇಲೆ ಬದಲಾಯಿಸಬಾರದು. ಎಂಟನೇ ತಿಂಗಳಲ್ಲಿ ಮಗುವಿನ ಅಳತೆ ಹಿಂದೆ ಬಿದ್ದಿದ್ದರೆ ‘ದಿನಾಂಕವೇ ಮುಂದಕ್ಕೆ ಹೋಗಿದೆ’ ಎಂದು ಸಮಾಧಾನಪಡುವುದು ಅಪಾಯಕಾರಿ. ಬೆಳವಣಿಗೆ ಕುಂಠಿತವಾಗಿರುವ ಮಗುವನ್ನು ಆ ಸಮಾಧಾನ ಮರೆಮಾಚಿಬಿಡಬಹುದು. ಹೀಗಾಗಿ ಹೊಸ ಕೇಂದ್ರಕ್ಕೆ ಹೋಗುವಾಗ ಮೊದಲ ಸ್ಕ್ಯಾನ್‌ನ ವರದಿಯನ್ನು ಕೊಂಡೊಯ್ಯುವುದು ಬೇರೆಲ್ಲ ಕಾಗದಪತ್ರಗಳಿಗಿಂತ ಮುಖ್ಯ.

ಎರಡನೆಯ ಕೆಲಸ, ಮಗುವಿನ ಕತ್ತಿನ ಹಿಂಭಾಗದ ದ್ರವದ ಪದರವನ್ನು ಅಳೆಯುವುದು. ಜನ ‘ಎನ್‌ಟಿ ಸ್ಕ್ಯಾನ್’ ಎನ್ನುವುದು ಇದನ್ನೇ. ಈ ಅಳತೆಯನ್ನು ತಾಯಿಯ ವಯಸ್ಸು ಮತ್ತು ಎರಡು ರಕ್ತಪರೀಕ್ಷೆಗಳ ಜೊತೆ ಸೇರಿಸಿ ಡೌನ್ ಸಿಂಡ್ರೋಮ್‌ನಂಥ ವರ್ಣತಂತು ವ್ಯತ್ಯಾಸಗಳ ಸಂಭವವನ್ನು ಲೆಕ್ಕ ಹಾಕುತ್ತಾರೆ. ಡೌನ್ ಸಿಂಡ್ರೋಮ್ ಇರುವ ಗರ್ಭಗಳಲ್ಲಿ ಶೇ 85ರಿಂದ 90ರಷ್ಟನ್ನು ಇದು ಗುರುತಿಸಬಲ್ಲದು. ಅದೇ ಹೊತ್ತಿಗೆ, ಏನೂ ತೊಂದರೆಯಿಲ್ಲದ ಗರ್ಭಿಣಿಯರಲ್ಲೂ ನೂರರಲ್ಲಿ ಸುಮಾರು ಐವರಿಗೆ ‘ಹೆಚ್ಚಿನ ಸಂಭವ’ ಎಂಬ ಫಲಿತಾಂಶ ಬರುತ್ತದೆ. ವರದಿಯಲ್ಲಿ ‘150ಕ್ಕೆ 1’ ಎಂದು ಬರೆದಿದ್ದರೆ ಅದರ ಅರ್ಥ, ಅಂಥ 150 ಗರ್ಭಿಣಿಯರಲ್ಲಿ 149 ಮಂದಿಯ ಮಗುವಿಗೆ ಆ ಸ್ಥಿತಿ ಇರುವುದಿಲ್ಲ ಎಂದು. ಈ ಒಂದು ವಾಕ್ಯವನ್ನು ಯಾರೂ ಹೇಳದ ಕಾರಣ ಎಷ್ಟು ಮನೆಗಳಲ್ಲಿ ಒಲೆ ಹಚ್ಚದೆ ಕೂತಿರುತ್ತಾರೋ ಎಂದು ನೆನೆದರೆ ಸಂಕಟವಾಗುತ್ತದೆ. ಸಂಭವ ಹೇಳುವ ಪರೀಕ್ಷೆಯೇ ಬೇರೆ, ಖಚಿತಪಡಿಸುವ ಪರೀಕ್ಷೆಯೇ ಬೇರೆ. ತಾಯಿಯ ರಕ್ತದಲ್ಲಿರುವ ಡಿಎನ್‌ಎ ತುಣುಕುಗಳನ್ನು ನೋಡುವ ಎನ್‌ಐಪಿಟಿ ಹೆಚ್ಚು ನಿಖರವಾದರೂ ಅದೂ ಸಂಭವ ಹೇಳುವ ಪರೀಕ್ಷೆಯೇ. ಖಚಿತ ಉತ್ತರ ಬೇಕಾದರೆ ಹನ್ನೊಂದರಿಂದ ಹದಿನಾಲ್ಕನೇ ವಾರದ ನಡುವೆ ಮಾಸಿನ ಅಂಗಾಂಶದ ಮಾದರಿಯನ್ನೋ ಹದಿನೈದನೇ ವಾರದ ನಂತರ ಗರ್ಭಜಲದ ಮಾದರಿಯನ್ನೋ ತೆಗೆಯಬೇಕು. ಅದರಲ್ಲಿ ಗರ್ಭಪಾತದ ಸಣ್ಣ ಅಪಾಯವಿದೆ. ಎನ್‌ಟಿ ಸ್ಕ್ಯಾನ್‌ಗೆ ಹೋಗುವ ಮುನ್ನ ದಂಪತಿ ಕೂತು ಮಾತಾಡಬೇಕಾದದ್ದು ಇದನ್ನು: ಸಂಭವ ಹೆಚ್ಚೆಂದು ಬಂದರೆ ನಾವು ಮುಂದೆ ಏನನ್ನು ತಿಳಿಯಬಯಸುತ್ತೇವೆ? ಏನನ್ನೂ ತಿಳಿಯುವುದು ಬೇಡ ಎನ್ನುವುದೂ ಗೌರವಿಸಬೇಕಾದ ಉತ್ತರವೇ.

ಇನ್ನು ಐದನೇ ತಿಂಗಳ ಹೊತ್ತಿನ, ಅಂದರೆ 18ರಿಂದ 22 ವಾರಗಳ ನಡುವೆ ಮಗುವಿನ ಅಂಗಾಂಗಗಳಲ್ಲಿ ದೋಷವಿದೆಯೇ ಎಂದು ನೋಡುವ ಅನಾಮಲಿ ಸ್ಕ್ಯಾನ್. ಗರ್ಭಾವಸ್ಥೆಯಲ್ಲಿ ಒಂದೇ ಒಂದು ಸ್ಕ್ಯಾನ್ ಮಾಡಿಸಲು ಸಾಧ್ಯವಿದ್ದರೂ ಅದು 24 ವಾರಗಳ ಒಳಗೆ ಆಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಅನಾಮಲಿ ಸ್ಕ್ಯಾನ್‌ನಲ್ಲಿ ತಲೆಬುರುಡೆ, ಮೆದುಳು, ಮುಖ, ಬೆನ್ನೆಲುಬು, ಹೃದಯದ ನಾಲ್ಕು ಕೋಣೆಗಳು, ಹೃದಯದಿಂದ ಹೊರಡುವ ರಕ್ತನಾಳಗಳು, ಹೊಟ್ಟೆಯ ಗೋಡೆ, ಮೂತ್ರಪಿಂಡ, ಕೈಕಾಲು, ಮಾಸು, ಗರ್ಭಜಲ ಇವನ್ನೆಲ್ಲ ಒಂದೊಂದಾಗಿ ನೋಡುತ್ತಾರೆ. ಸಾವಧಾನವಾಗಿ ಮಾಡಿದರೆ ಅರ್ಧ ಗಂಟೆ ಬೇಕು. ‘ಎಲ್ಲ ನಾರ್ಮಲ್’ ಎಂಬ ಮಾತಿಗಾಗಿ ಎಲ್ಲರೂ ಕಾಯುವುದು ಇಲ್ಲೇ; ಆ ಮಾತಿಗೆ ಇಲ್ಲದ ಭಾರವನ್ನು ಹೊರಿಸುವುದೂ ಇಲ್ಲೇ.

ಇಂಗ್ಲೆಂಡಿನ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಈ ಸ್ಕ್ಯಾನ್‌ನಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ಅಂಕಿಗಳಲ್ಲಿ ಪ್ರಕಟಿಸಿತ್ತು. ದೋಷವಿದ್ದಾಗ ಅದು ಪತ್ತೆಯಾಗುವ ಪ್ರಮಾಣ ಹೀಗಿದೆ: ತಲೆಬುರುಡೆಯೇ ಬೆಳೆಯದ ಸ್ಥಿತಿಯಲ್ಲಿ ಶೇ 98, ತೆರೆದ ಬೆನ್ನುಹುರಿಯ ದೋಷದಲ್ಲಿ ಶೇ 90, ಸೀಳುತುಟಿಯಲ್ಲಿ ಶೇ 75, ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯಲ್ಲಿ ರಂಧ್ರವಿರುವ ದೋಷದಲ್ಲಿ ಶೇ 60, ಗಂಭೀರ ಹೃದಯದೋಷಗಳಲ್ಲಿ ಶೇ 50. ಸುಸಜ್ಜಿತ ವ್ಯವಸ್ಥೆ ತನ್ನ ಮುಂದಿಟ್ಟುಕೊಂಡ ಮಟ್ಟವೇ ಗಂಭೀರ ಹೃದಯದೋಷಗಳಲ್ಲಿ ಅರ್ಧದಷ್ಟು ಎಂಬುದನ್ನು ಗಮನಿಸಬೇಕು. ಐದನೇ ತಿಂಗಳಲ್ಲಿ ಮಗುವಿನ ಹೃದಯ ತೀರಾ ಪುಟ್ಟದು, ನಿಮಿಷಕ್ಕೆ ಸುಮಾರು 150 ಸಲ ಬಡಿಯುತ್ತಿರುತ್ತದೆ. ಕೆಲವು ದೋಷಗಳು ಆ ಹೊತ್ತಿಗೆ ಕಾಣಿಸಿಕೊಂಡೇ ಇರುವುದಿಲ್ಲ. ಕರುಳಿನ ಕೆಲವು ಅಡಚಣೆಗಳು, ಕೈಕಾಲು ಗಿಡ್ಡಾಗುವ ಕೆಲವು ಸ್ಥಿತಿಗಳು ಮುಂದಿನ ತಿಂಗಳುಗಳಲ್ಲಷ್ಟೇ ತೋರುತ್ತವೆ. ಮಗುವಿಗೆ ಕಿವಿ ಕೇಳುತ್ತದೆಯೇ, ಕಣ್ಣು ಕಾಣುತ್ತದೆಯೇ, ಆಟಿಸಂ ಬರುತ್ತದೆಯೇ ಎಂಬುದನ್ನು ಯಾವ ಸ್ಕ್ಯಾನೂ ಹೇಳಲಾರದು. ಕುಟುಂಬದಲ್ಲಿ ಹುಟ್ಟು ಹೃದಯದೋಷದ ಇತಿಹಾಸವಿದ್ದರೆ ಅಥವಾ ತಾಯಿಗೆ ಗರ್ಭ ನಿಲ್ಲುವ ಮೊದಲೇ ಮಧುಮೇಹವಿದ್ದರೆ ಮಗುವಿನ ಹೃದಯವನ್ನಷ್ಟೇ ವಿವರವಾಗಿ ನೋಡುವ ಫೀಟಲ್ ಎಕೋ ಎಂಬ ಪ್ರತ್ಯೇಕ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು. ‘ಪೂರ್ಣ ಪ್ಯಾಕೇಜ್’ ಎಂಬ ಹೆಸರನ್ನು ನಂಬಿ ಎಲ್ಲವೂ ಅದರಲ್ಲೇ ಸೇರಿದೆ ಎಂದುಕೊಳ್ಳಬಾರದು.

ಈ ಸ್ಕ್ಯಾನ್‌ನ ಇನ್ನೊಂದು ಮುಖವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ತಂಗಿಯ ಅನಾಮಲಿ ಸ್ಕ್ಯಾನ್ ಒಂದು ಖಾಸಗಿ ಕೇಂದ್ರದಲ್ಲಿ ಶನಿವಾರ ಸಂಜೆ ಮುಗಿಯಿತು. ಸ್ಕ್ಯಾನ್ ಮಾಡಿದ ವೈದ್ಯರು ಮುಂದಿನ ಕೋಣೆಗೆ ಹೋದರು. ಕೌಂಟರಿನಲ್ಲಿದ್ದ ಹುಡುಗಿ ಲಕೋಟೆ ಕೊಟ್ಟು ‘ನಿಮ್ಮ ಡಾಕ್ಟರಿಗೆ ತೋರಿಸಿ’ ಎಂದಳು. ವರದಿಯ ಎರಡನೇ ಪುಟದಲ್ಲಿ, ಮಗುವಿನ ಹೃದಯದ ಎಡ ಕೋಣೆಯಲ್ಲಿ ‘ಎಕೋಜೆನಿಕ್ ಫೋಕಸ್’ ಇದೆ ಎಂಬ ಒಂದು ಸಾಲಿತ್ತು. ತಂಗಿ ಕಾರಿನಲ್ಲಿ ಕೂತು ಮೊಬೈಲಿನಲ್ಲಿ ಆ ಪದವನ್ನು ಹುಡುಕಿದಳು. ‘ಅಕ್ಕಾ, ಹೃದಯದಲ್ಲಿ ಏನೋ ಇದೆಯಂತೆ, ಡೌನ್ ಸಿಂಡ್ರೋಮ್ ಅಂತ ಬರೆದಿದ್ದಾರೆ ನೋಡು’ ಎಂದು ಫೋನ್ ನನ್ನ ಕೈಗಿತ್ತಾಗ ಅವಳ ಕೈ ನಡುಗುತ್ತಿತ್ತು. ಸೋಮವಾರದವರೆಗೆ ಅವಳು ಸರಿಯಾಗಿ ಊಟ ಮಾಡಲಿಲ್ಲ, ಮಲಗಲಿಲ್ಲ. ಸೋಮವಾರ ಅವಳ ವೈದ್ಯರು ಐದು ನಿಮಿಷದಲ್ಲಿ ವಿವರಿಸಿದರು. ಹೃದಯದ ಸ್ನಾಯುವಿನ ಒಂದು ಚುಕ್ಕೆಯಷ್ಟು ಜಾಗ ಎಲುಬಿನಷ್ಟೇ ಬೆಳ್ಳಗೆ ಕಾಣುವುದಕ್ಕೆ ಆ ಹೆಸರು. ನೂರು ಸಹಜ ಗರ್ಭಗಳಲ್ಲಿ ಮೂರು ನಾಲ್ಕರಲ್ಲಿ ಅದು ಕಾಣಸಿಗುತ್ತದೆ. ಹೃದಯದ ಕೆಲಸಕ್ಕೆ ಅದರಿಂದ ಏನೂ ಆಗುವುದಿಲ್ಲ. ಎನ್‌ಟಿ ಮತ್ತು ರಕ್ತಪರೀಕ್ಷೆಯಲ್ಲಿ ಸಂಭವ ಕಡಿಮೆ ಬಂದಿದ್ದು, ಬೇರೆಲ್ಲ ಅಂಗಗಳೂ ಸರಿಯಾಗಿದ್ದರೆ ಇದೊಂದಕ್ಕಾಗಿ ಮುಂದಿನ ಪರೀಕ್ಷೆ ಬೇಕಿಲ್ಲ ಎಂದರು. ಅದೇ ಐದು ನಿಮಿಷವನ್ನು ಶನಿವಾರ ಸಂಜೆಯೇ ಕೊಡಲು ಏನು ಅಡ್ಡಿಯಿತ್ತು? ಆ ಕೇಂದ್ರದ ಯಂತ್ರವಾಗಲಿ ವರದಿಯಾಗಲಿ ತಪ್ಪಿರಲಿಲ್ಲ. ವಿವರಣೆಯೊಂದೇ ಇರಲಿಲ್ಲ, ಮತ್ತು ಆಕೆಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ಅದೇ.

ಮೆದುಳಿನಲ್ಲಿ ಕಾಣುವ ಕೋರಾಯ್ಡ್ ಪ್ಲೆಕ್ಸಸ್ ಸಿಸ್ಟ್ ಎಂಬ ಸಣ್ಣ ನೀರುಗುಳ್ಳೆಯ ಕಥೆಯೂ ಹೀಗೆಯೇ. ಬೇರೆ ದೋಷ ಇಲ್ಲದಿದ್ದಾಗ ಅದು ಸಾಮಾನ್ಯವಾಗಿ ತಾನಾಗಿ ಮಾಯವಾಗುತ್ತದೆ. ಮಾಸು ಕೆಳಗಿದೆ ಎಂಬ ಸಾಲಿನಿಂದಲೂ ಐದನೇ ತಿಂಗಳಲ್ಲಿ ಎಷ್ಟೋ ಮಂದಿ ಹೆದರುತ್ತಾರೆ. ಗರ್ಭಕೋಶ ಬೆಳೆದಂತೆ ಮಾಸು ಅದರ ಬಾಯಿಯಿಂದ ದೂರ ಸರಿಯುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಗೆ ಹೆರಿಗೆಯ ಹೊತ್ತಿಗೆ ಆ ತೊಂದರೆ ಉಳಿದಿರುವುದಿಲ್ಲ. 32ನೇ ವಾರದ ಹೊತ್ತಿಗೆ ಮತ್ತೊಮ್ಮೆ ನೋಡಬೇಕು, ನಡುವೆ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಅಷ್ಟೇ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿದೆ ಎಂಬ ಮಾತಂತೂ ಮನೆಯವರ ನಿದ್ದೆಯನ್ನೇ ಕೆಡಿಸುತ್ತದೆ. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಹೀಗೆ ಇರುತ್ತದೆ ಮತ್ತು ಬಹುತೇಕ ಮಕ್ಕಳು ಯಾವ ತೊಂದರೆಯೂ ಇಲ್ಲದೆ ಹುಟ್ಟುತ್ತಾರೆ. ಕೇವಲ ಆ ಒಂದು ಸಾಲಿನ ಆಧಾರದ ಮೇಲೆ ಸಿಸೇರಿಯನ್‌ಗೆ ಒಪ್ಪಿಕೊಳ್ಳುವ ಮೊದಲು ವೈದ್ಯರನ್ನು ಕಾರಣ ಕೇಳುವುದು ತಪ್ಪಲ್ಲ.

ಕೊನೆಯ ತಿಂಗಳುಗಳ ಗ್ರೋತ್ ಸ್ಕ್ಯಾನ್‌ನಲ್ಲಿ ಎಲ್ಲರ ಕಣ್ಣೂ ಮಗುವಿನ ತೂಕದ ಮೇಲೆ. ಈ ತೂಕವನ್ನು ಯಾರೂ ತೂಗಿ ನೋಡಿರುವುದಿಲ್ಲ; ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಇವನ್ನು ಸೂತ್ರಕ್ಕೆ ಹಾಕಿ ಯಂತ್ರ ಲೆಕ್ಕ ಹಾಕಿರುತ್ತದೆ. ಶೇ 10ರಿಂದ 15ರಷ್ಟು ಹೆಚ್ಚುಕಡಿಮೆ ಸಾಮಾನ್ಯ. ಅಂದರೆ ವರದಿಯಲ್ಲಿ 3 ಕೆಜಿ ಎಂದಿರುವ ಮಗು ಎರಡೂವರೆ ಕೆಜಿಯ ಆಸುಪಾಸಿನದೂ ಆಗಿರಬಹುದು, ಮೂರೂವರೆ ಕೆಜಿಯ ಹತ್ತಿರದ್ದೂ ಆಗಿರಬಹುದು. ಒಂದು ಕೇಂದ್ರದ ಸ್ಕ್ಯಾನ್ ಆಗಿ ನಾಲ್ಕೇ ದಿನಕ್ಕೆ ಇನ್ನೊಂದು ಕೇಂದ್ರಕ್ಕೆ ಹೋಗಿ ‘ತೂಕ ಇಳಿದಿದೆ’ ಎಂದು ಕಂಗಾಲಾಗುವುದರಲ್ಲಿ ಅರ್ಥವಿಲ್ಲ. ಬೆಳವಣಿಗೆಯನ್ನು ಹೋಲಿಸಲು ಎರಡು ಅಳತೆಗಳ ನಡುವೆ ಕನಿಷ್ಠ ಎರಡು ವಾರದ ಅಂತರ ಬೇಕು. ‘ನೀರು ಕಡಿಮೆ’ ಎಂಬುದಕ್ಕೂ ಅಳತೆಯಿದೆ: ಅತಿ ಆಳದ ನೀರಿನ ಜಾಗ 2 ಸೆಂಟಿಮೀಟರಿನಿಂದ 8 ಸೆಂಟಿಮೀಟರಿನೊಳಗಿದ್ದರೆ ಅದು ಸಾಮಾನ್ಯ. ವರದಿಯಲ್ಲಿ ಅಂಕಿಯನ್ನು ನೋಡಿ, ಅದು ಮಿತಿಯೊಳಗಿದೆಯೇ ಎಂದು ಕೇಳಿ ತಿಳಿದುಕೊಳ್ಳಬಹುದು. ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆ ಬೆಳವಣಿಗೆ ಕುಂಠಿತವಾದ ಮಗುವಿನ ವಿಷಯದಲ್ಲಿ ಬಹಳ ಉಪಯುಕ್ತ, ಎಲ್ಲರಿಗೂ ಕಡ್ಡಾಯವಾದದ್ದಲ್ಲ.

ಕೆಲವು ದೇಶಗಳಲ್ಲಿ ಮಗುವಿನ ಮುಖದ 3ಡಿ, 4ಡಿ ಚಿತ್ರಗಳನ್ನು ನೆನಪಿಗಾಗಿ ತೆಗೆದುಕೊಡುವುದೇ ಒಂದು ವ್ಯಾಪಾರವಾಗಿ ಬೆಳೆದಿದೆ. ತಂದೆತಾಯಿಗೆ ಅದು ಕೊಡುವ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಚಿತ್ರ ಮೇಲ್ಮೈಯ ಚಿತ್ರ. ಮುದ್ದಾದ ಮುಖ ಕಂಡಿತೆಂದ ಮಾತ್ರಕ್ಕೆ ಒಳಗಿನ ಅಂಗಗಳನ್ನು ಯಾರೋ ಪರೀಕ್ಷಿಸಿದ್ದಾರೆ ಎಂದಾಗದು. ಮಗು ಮುಖವನ್ನು ಮಾಸಿಗೆ ಒತ್ತಿಕೊಂಡಿದ್ದರೆ ಎಷ್ಟು ಹಣ ಕೊಟ್ಟರೂ ಚಿತ್ರ ಸಿಗದು. ವೈದ್ಯಕೀಯ ಕಾರಣವಿಲ್ಲದೆ ನೆನಪಿನ ಚಿತ್ರಕ್ಕಾಗಿ ಸ್ಕ್ಯಾನ್ ಮಾಡಿಸುವುದನ್ನೂ ಮನೆಯಲ್ಲಿ ಹೃದಯಬಡಿತ ಕೇಳುವ ಡಾಪ್ಲರ್ ಸಾಧನಗಳ ಬಳಕೆಯನ್ನೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಬೇಡವೆಂದು ಎಚ್ಚರಿಸಿದೆ. ಅಲ್ಟ್ರಾಸೌಂಡ್‌ನಿಂದ ಮಕ್ಕಳಿಗೆ ಹಾನಿಯಾಗಿದೆ ಎಂದು ಸಾಬೀತಾಗಿಲ್ಲ; ಆದರೂ ಶಬ್ದದ ಶಕ್ತಿ ಅಂಗಾಂಶವನ್ನು ಅಲ್ಪಸ್ವಲ್ಪ ಬೆಚ್ಚಗಾಗಿಸುತ್ತದೆ. ಹಾಗಾಗಿ ಬೇಕಾದ ಮಾಹಿತಿ ಸಿಗುವಷ್ಟು ಮಾತ್ರ, ಆದಷ್ಟು ಕಡಿಮೆ ತೀವ್ರತೆಯಲ್ಲಿ, ಆದಷ್ಟು ಕಡಿಮೆ ಹೊತ್ತು ಎಂಬುದು ವೃತ್ತಿಪರರು ಒಪ್ಪಿಕೊಂಡ ನಿಯಮ. ಮೊದಲ ವಾರಗಳಲ್ಲಿ ಬಡಿತದ ಸದ್ದು ಕೇಳಿಸಲೆಂದೇ ಡಾಪ್ಲರ್ ಹಾಕಬಾರದು. ಪರದೆಯ ಮೇಲೆ ಬಡಿತದ ಗೆರೆಯನ್ನು ತೋರಿಸುವ ವಿಧಾನ ಸಾಕು.

ಭಾರತದಲ್ಲಿ ಮಗುವಿನ ಲಿಂಗವನ್ನು ತಿಳಿಸುವುದೂ ತಿಳಿಸೆಂದು ಕೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ. ಸನ್ನೆಯಿಂದಲೋ ಬಣ್ಣದ ಹೆಸರಿನಿಂದಲೋ ಸೂಚಿಸುವ ಕೇಂದ್ರವಿದ್ದರೆ ಅಲ್ಲಿಂದ ಎದ್ದು ಬರಬೇಕು ಮತ್ತು ದೂರು ಕೊಡಬೇಕು. ಈ ಒಂದು ವಿಷಯದಲ್ಲಿ ಬೇಲಿ ದಾಟುವವರನ್ನು ಬೇರಾವ ವಿಷಯದಲ್ಲೂ ನಂಬಲಾಗದು.

ಹಾಗಾದರೆ ಕೇಂದ್ರಗಳಿಂದ ನಾವು ಕೇಳಬೇಕಾದದ್ದೇನು? ಸ್ಕ್ಯಾನ್ ಮಾಡುವವರ ಹೆಸರು ಮತ್ತು ವಿದ್ಯಾರ್ಹತೆ, ಗರ್ಭಿಣಿಯರ ಸ್ಕ್ಯಾನ್‌ನಲ್ಲಿ ಅವರಿಗಿರುವ ತರಬೇತಿ, ಪ್ರತಿಯೊಬ್ಬರಿಗೆ ಮೀಸಲಿಟ್ಟ ಸಮಯ, ಮೂತ್ರಕೋಶ ತುಂಬಿಸಿಕೊಂಡು ಬರಬೇಕೇ ಬೇಡವೇ, ಒಳಗಿನ ಸ್ಕ್ಯಾನ್ ಬೇಕಾಗಬಹುದೇ, ಹಾಗಿದ್ದರೆ ಜೊತೆಗೆ ಒಬ್ಬ ಮಹಿಳೆ ಇರುತ್ತಾರೆಯೇ ಎಂಬುದನ್ನು ಮುಂಚಿತವಾಗಿ ತಿಳಿಸಲಿ. ಒಳಗಿನ ಸ್ಕ್ಯಾನ್ ಎಂದ ಕೂಡಲೇ ಹೆಣ್ಣುಮಕ್ಕಳು ಮುದುಡಿಕೊಳ್ಳುತ್ತಾರೆ; ಅದು ಮಗುವಿಗೆ ಅಪಾಯಕಾರಿಯಲ್ಲ, ಗರ್ಭಪಾತ ಮಾಡುವುದಿಲ್ಲ, ಬೇಡವೆನ್ನುವ ಅಧಿಕಾರ ಆಕೆಗಿದೆ ಎಂಬ ಮೂರು ಮಾತನ್ನು ಬಟ್ಟೆ ಬದಲಿಸುವ ಮುನ್ನ ಹೇಳಲು ಹೆಚ್ಚು ಸಮಯ ಬೇಕಿಲ್ಲ. ವರದಿಯಲ್ಲಿ ಯಾವ ಅಂಗ ಸರಿಯಾಗಿ ಕಾಣಲಿಲ್ಲ ಎಂಬುದನ್ನೂ ನೇರವಾಗಿ ಬರೆಯಲಿ. ಅನುಮಾನದ ಸಂಗತಿ ಕಂಡರೆ ಅಂದೇ ಒಬ್ಬ ವೈದ್ಯರು ಎದುರು ಕೂತು ವಿವರಿಸಲಿ, ಆಕೆಯ ವೈದ್ಯರಿಗೆ ತಾವೇ ಫೋನ್ ಮಾಡಿ ತಿಳಿಸಲಿ. ಶನಿವಾರ ಸಂಜೆ ಸ್ಕ್ಯಾನ್ ಮಾಡುವ ಕೇಂದ್ರ ಶನಿವಾರ ಸಂಜೆ ವಿವರಿಸಲೂ ಸಿದ್ಧವಿರಬೇಕು. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.

ಕೊನೆಯದಾಗಿ, ಜೀವಕ್ಕೆ ಸಂಬಂಧಿಸಿದ ಒಂದು ಮಾತನ್ನು ಪ್ರತಿ ಕೇಂದ್ರವೂ ಕೌಂಟರಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಹಾಕಬೇಕೆಂದು ಕೋರುತ್ತೇನೆ. ತಿಂಗಳು ತುಂಬುತ್ತಿರುವಾಗ ಮಗುವಿನ ಒದೆತ, ಹೊರಳಾಟ ಕಡಿಮೆಯಾದಂತೆ ಅನ್ನಿಸಿದರೆ ಸ್ಕ್ಯಾನಿಂಗ್ ಕೇಂದ್ರಕ್ಕೆ ಬರಬೇಡಿ, ಹೆರಿಗೆ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಹೋಗಿ. ಪರದೆಯ ಮೇಲೆ ಹೃದಯ ಬಡಿಯುತ್ತಿರುವುದು ಆ ಕ್ಷಣಕ್ಕೆ ಮಗು ಬದುಕಿದೆ ಎಂಬುದನ್ನಷ್ಟೇ ಹೇಳುತ್ತದೆ. ಮಗು ಕ್ಷೇಮವಾಗಿದೆಯೇ ಎಂದು ತಿಳಿಯಲು ಹೃದಯಬಡಿತದ ಏರಿಳಿತವನ್ನು ಸ್ವಲ್ಪ ಹೊತ್ತು ದಾಖಲಿಸುವ ಪರೀಕ್ಷೆ ಬೇಕು, ಅಗತ್ಯ ಬಿದ್ದರೆ ಆಗಲೇ ಹೆರಿಗೆ ಮಾಡಿಸುವ ವ್ಯವಸ್ಥೆಯೂ ಬೇಕು. ‘ಮೊನ್ನೆಯಷ್ಟೇ ಸ್ಕ್ಯಾನ್ ಆಗಿದೆ, ಎಲ್ಲ ನಾರ್ಮಲ್ ಅಂದಿದ್ದಾರೆ’ ಎಂದುಕೊಂಡು ಬೆಳಗಾಗುವವರೆಗೆ ಕಾಯುವುದೂ ಬೇಡ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಹೊರಡಬೇಕು.

ಇಂತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು